ಶಿವರಾತ್ರಿ ಕಳೆದ ಮೇಲೆ ಹುಲ್ಲುಹಾಸು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ಹಿರಿಯರ ಮಾತು. ಬೆಂಗಳೂರು, ಮೈಸೂರು, ತುಮಕೂರು, ಹಾಸನಗಳ ಕಡೆ ಈ ಮಾತು ಹೆಚ್ಚು ಕಡಿಮೆ ಸುಳ್ಳಾಗುವುದಿಲ್ಲ. ಫೆಬ್ರವರಿಯ ಕೊನೆಗೆ ಬೆಳಗಿನ ಇಬ್ಬನಿ ಕಾಣೆಯಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮೊನೆ ಬರುತ್ತದೆ, ರಸ್ತೆ ಬದಿಯ ಟಬೂಬಿಯಾ ಮರಗಳು ಎಲೆ ಉದುರಿಸಿ ಬರೀ ಹೂ ಹೊತ್ತು ನಿಲ್ಲುತ್ತವೆ. ಮನೆ ಮುಂದಿನ ಹುಲ್ಲುಹಾಸಿನ ಬಣ್ಣ ಕೆಡುವುದೂ ಇದೇ ಹೊತ್ತಿಗೆ. ಡಿಸೆಂಬರಿನವರೆಗೆ ಮೆತ್ತಗೆ ಹಸಿರಾಗಿದ್ದ ಲಾನು ಅಲ್ಲಲ್ಲಿ ಕಂದುಗಟ್ಟುತ್ತದೆ, ಗೇಟಿನಿಂದ ಬಾಗಿಲಿನವರೆಗೆ ಒಂದು ಕಾಲುದಾರಿ ಮೂಡುತ್ತದೆ, ಮಾವಿನ ಮರದ ಕೆಳಗೆ ಮಣ್ಣೇ ಕಾಣುತ್ತದೆ. ಮನೆಯವರಿಗೆ ಹುಲ್ಲಿನ ನೆನಪಾಗುವುದು ಆಗಲೇ. ಆದರೆ ನೆನಪಾಗುವ ಕಾಲ ಮಾತ್ರ ಅನುಕೂಲದ್ದಲ್ಲ. ಮಕ್ಕಳಿಗೆ ಪರೀಕ್ಷೆ ಹತ್ತಿರ, ಸಂಪಿನಲ್ಲಿ ನೀರು ತಳದಲ್ಲಿ, ಅಪ್ಪ ಅಮ್ಮನಿಗೆ ವರ್ಷಾಂತ್ಯದ ಕಚೇರಿ ಕೆಲಸ.

ಹುಲ್ಲುಹಾಸಿನ ಬಗ್ಗೆ ಓದಲು ಹೊರಟವರ ಕೈಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್ ಪುಸ್ತಕಗಳು. ಅವುಗಳಲ್ಲಿ ವಸಂತದ ಆರಂಭವೆಂದರೆ ನೆಡುವ ಕಾಲ, ಬಿತ್ತುವ ಕಾಲ, ಹೊಸ ಲಾನು ಹಾಕುವ ಕಾಲ. ಅಲ್ಲಿಗೆ ಅದು ಸರಿ. ಇಂಗ್ಲೆಂಡಿನಲ್ಲಿ ಮಾರ್ಚಿ ಎಂದರೆ ಹೆಪ್ಪುಗಟ್ಟಿದ ನೆಲ ಆಗತಾನೇ ಬೆಚ್ಚಗಾಗುತ್ತಿರುತ್ತದೆ, ಮಣ್ಣಿನಲ್ಲಿ ಚಳಿಗಾಲದ ತೇವ ತುಂಬಿರುತ್ತದೆ, ಮಳೆ ಅಲ್ಲಿ ಹನ್ನೆರಡು ತಿಂಗಳೂ ಅಷ್ಟಷ್ಟು ಬೀಳುತ್ತಿರುತ್ತದೆ. ಮೈಸೂರು ಸೀಮೆಯ ವಸಂತ ಇದಕ್ಕೆ ತದ್ವಿರುದ್ಧ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಅದರಲ್ಲಿ ಜನವರಿಯಿಂದ ಮಾರ್ಚಿವರೆಗಿನ ಮೂರು ತಿಂಗಳ ಪಾಲು ತೀರಾ ಅಲ್ಪ. ಇಲ್ಲಿ ಯುಗಾದಿ ಬರುವುದು ಮಳೆಗಾಲದ ಮುನ್ನ ಅಲ್ಲ, ಬರಗಾಲದ ನಡುವೆ. ಇಂಗ್ಲಿಷ್ ಪುಸ್ತಕ ನಂಬಿ ಮಾರ್ಚಿಯಲ್ಲಿ ಹೊಸ ಲಾನು ಹಾಕಿಸಿದವರು ಮೇ ತಿಂಗಳಲ್ಲಿ ನರ್ಸರಿಯವನನ್ನು ಬೈಯುವುದು ಪ್ರತಿ ವರ್ಷದ ಕತೆ. ಹೊಸ ಲಾನಿಗೂ, ಗಿಡ ಮರ ನೆಡುವುದಕ್ಕೂ ಇಲ್ಲಿನ ಕಾಲ ಜೂನ್. ಫೆಬ್ರವರಿ, ಮಾರ್ಚಿಯಲ್ಲಿ ಮಾಡಬೇಕಾದ್ದು ಇರುವುದನ್ನು ರಿಪೇರಿ ಮಾಡಿಕೊಂಡು ಬೇಸಿಗೆ ದಾಟಿಸುವ ಕೆಲಸ.

ಇಷ್ಟಕ್ಕೂ ನೆಲದಲ್ಲಿರುವುದು ಯಾವ ಹುಲ್ಲು ಎಂಬುದು ಮೊದಲು ತಿಳಿಯಬೇಕು. ಮನೆಯ ಲಾನುಗಳಲ್ಲಿ ಮುಖ್ಯವಾಗಿ ಇರುವುದು ಎರಡು ಬಗೆ. ಒಂದು ಗರಿಕೆ, ಗಣಪತಿಗೆ ಏರಿಸುವ ಅದೇ ಗರಿಕೆ, ಅಥವಾ ಅದರಲ್ಲೇ ಆಯ್ದು ಬೆಳೆಸಿದ ಸಣ್ಣ ಎಲೆಯ ತಳಿ. ಇನ್ನೊಂದು ‘ಮೆಕ್ಸಿಕನ್ ಗ್ರಾಸ್’ ಎಂದು ನರ್ಸರಿಗಳಲ್ಲಿ ಮಾರುವ, ಸೂಜಿಯಂಥ ಎಲೆಯ, ಕಾಲಿಟ್ಟರೆ ಮೆತ್ತೆಯಂತೆ ಕುಸಿಯುವ ಹುಲ್ಲು. ಹೆಸರು ಏನೇ ಇರಲಿ, ಸಾಮಾನ್ಯವಾಗಿ ಅದು ಜೊಯ್ಸಿಯಾ ಜಾತಿಯದು. ಅದರ ತವರು ಮೆಕ್ಸಿಕೋ ಅಲ್ಲ, ಏಷ್ಯಾದ ಪೂರ್ವ ಭಾಗ. ಎರಡೂ ಬಿಸಿಲುನಾಡಿನ ಹುಲ್ಲುಗಳು. ಜೀವಶಾಸ್ತ್ರ ಓದುತ್ತಿರುವ ಪಿಯುಸಿ ವಿದ್ಯಾರ್ಥಿಗಳಿಗೆ ಸಿ-4 ಸಸ್ಯಗಳ ಪಾಠ ನೆನಪಿರಬೇಕು. ಕಬ್ಬು, ಜೋಳ, ರಾಗಿಯಂತೆ ಗರಿಕೆಯೂ ಆ ಗುಂಪಿಗೆ ಸೇರಿದ್ದು. ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ಹುರುಪು, ಚಳಿ ಬಿದ್ದರೆ ಮಂಕು. ಆದ್ದರಿಂದ ಜನವರಿಯಲ್ಲಿ ಹುಲ್ಲು ಬೆಳೆಯದೆ ನಿಂತಿದ್ದರೆ ಅದು ರೋಗವಲ್ಲ. ಶಿವರಾತ್ರಿ ಕಳೆದ ಮೇಲೆ ಅದು ತಾನಾಗಿ ಚಿಗುರಲು ಹೊರಡುತ್ತದೆ. ಆ ಹೊತ್ತಿನಲ್ಲಿ ಕೈ ಹಾಕಿದರೆ ಕೆಲಸ ಹಗುರ.

ಮೊದಲ ಕೆಲಸ ಕೆದರುವುದು. ಹುಲ್ಲಿನ ಬುಡದಲ್ಲಿ ಸತ್ತ ಎಲೆ, ಬಳ್ಳಿ, ಕತ್ತರಿಸಿ ಬಿಟ್ಟ ಚೂರುಗಳೆಲ್ಲ ಸೇರಿ ಒಂದು ಒಣ ಪದರ ಕಟ್ಟಿರುತ್ತದೆ. ಮೆಕ್ಸಿಕನ್ ಹುಲ್ಲಿನಲ್ಲಂತೂ ಇದು ದಿಬ್ಬ ದಿಬ್ಬವಾಗಿ ಎದ್ದಿರುತ್ತದೆ. ಬೆರಳಿನಲ್ಲಿ ಅಳೆದರೆ ಅರ್ಧ ಅಂಗುಲಕ್ಕಿಂತ ದಪ್ಪ ಬಂದರೆ, ಹಾಕಿದ ನೀರು ಮಣ್ಣು ಮುಟ್ಟುತ್ತಿಲ್ಲ, ಪದರವೇ ಕುಡಿದು ಬಿಸಿಲಿಗೆ ಬಿಡುತ್ತಿದೆ ಎಂದು ಅರ್ಥ. ಗೆದ್ದಲಿಗೂ ಈ ಒಣ ಪದರ ಒಳ್ಳೆಯ ಊಟ. ಹಲ್ಲುಗಳಿರುವ ಕಬ್ಬಿಣದ ರೇಕ್‌ನಿಂದ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಕೆದರಿ ಎಳೆಯಬೇಕು. ಬರುವ ಒಣ ಹುಲ್ಲಿನ ರಾಶಿ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಒಂದೇ ದಿನ ಪೂರ್ತಿ ಬೋಳಿಸುವ ಹಟವೂ ಬೇಡ.

ಎರಡನೆಯದು ಚುಚ್ಚುವುದು. ವರ್ಷವಿಡೀ ಕಾಲು ತುಳಿತಕ್ಕೆ, ಮಕ್ಕಳ ಕ್ರಿಕೆಟ್ಟಿಗೆ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಹಿಂದಿನ ಸಂಜೆ ಸ್ವಲ್ಪ ನೀರು ಹಾಕಿ, ಮಾರನೆಯ ಬೆಳಿಗ್ಗೆ ಕವಲುಳ್ಳ ಗಾರ್ಡನ್ ಫೋರ್ಕ್‌ನಿಂದಲೋ, ಅದಿಲ್ಲವಾದರೆ ಚೂಪಾದ ಕಬ್ಬಿಣದ ಸರಳಿನಿಂದಲೋ ಮೂರು ನಾಲ್ಕು ಅಂಗುಲ ಆಳಕ್ಕೆ, ಗೇಣಿಗೊಂದರಂತೆ ತೂತು ಮಾಡಬೇಕು. ಗಾಳಿ, ನೀರು, ಗೊಬ್ಬರ ಮೂರೂ ಬೇರಿಗೆ ಇಳಿಯುವ ದಾರಿ ಇದು. ಓದಿ ಓದಿ ಕಣ್ಣು ಮಂಜಾದ ಹುಡುಗರಿಗೆ ಸಂಜೆಯ ಇಪ್ಪತ್ತು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ಪರೀಕ್ಷೆಯ ಕಾಲದಲ್ಲಿ ಮಕ್ಕಳು ಅಂಗಳಕ್ಕಿಳಿದರೆ ಅಂಕ ಕಡಿಮೆಯಾಗುತ್ತದೆ ಎಂದು ಬಾಗಿಲಲ್ಲಿ ಕಾವಲು ನಿಲ್ಲುವ ತಂದೆ ತಾಯಿ, ಅದೇ ಇಪ್ಪತ್ತು ನಿಮಿಷ ಟಿ.ವಿ. ಮುಂದೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತೂತು ಮಾಡಿದ ಮೇಲೆ ಮಣ್ಣು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ; ಮೂರನ್ನೂ ಜರಡಿ ಹಿಡಿದು ಬೆರೆಸಿ ಕಾಲು ಅಂಗುಲದಷ್ಟು ತೆಳ್ಳಗೆ ಹರಡಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ನಾಲ್ಕೈದು ಬಾಂಡ್ಲಿ ಸಾಕು. ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು, ಮುಚ್ಚಿಹೋದರೆ ಕೊಳೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿ ಸಗಣಿ ಗೊಬ್ಬರವನ್ನೂ, ಎಲ್ಲಿಂದ ಬಂತೆಂದು ತಿಳಿಯದ ಲಾರಿ ಮಣ್ಣನ್ನೂ ಲಾನಿಗೆ ಹಾಕಬಾರದು. ಅವುಗಳ ಜೊತೆ ಪಾರ್ಥೇನಿಯಂ ಬೀಜವೂ ಕೊನ್ನಾರಿ ಗೆಡ್ಡೆಯೂ ಪುಕ್ಕಟೆಯಾಗಿ ಮನೆ ಸೇರುತ್ತವೆ. ಕೊನ್ನಾರಿಯ ವಿಷಯ ಬಲ್ಲವರೇ ಬಲ್ಲರು. ಮೇಲೆ ಕಾಣುವ ಎಲೆಯನ್ನು ಕಿತ್ತರೆ ಕೆಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ. ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ನಾರಿನಂಥ ಎಳೆ, ಅದರಿಂದ ಮತ್ತೊಂದಕ್ಕೆ, ಹೀಗೆ ಸರಪಳಿ. ಕುರ್ಪಿಯಿಂದ ಆಳಕ್ಕೆ ಅಗೆದು ಗೆಡ್ಡೆ ಸಮೇತ ತೆಗೆಯುವುದೊಂದೇ ದಾರಿ, ಅದೂ ವಾರ ವಾರ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಒಂದು ಲಾಭವಿದೆ: ಮೇಲೆ ಬಿದ್ದ ಗೆಡ್ಡೆ ಬಿಸಿಲಿಗೆ ಒಣಗಿ ಸಾಯುತ್ತದೆ, ಮಳೆಗಾಲದಲ್ಲಿ ಎಸೆದಲ್ಲೇ ಬೇರು ಬಿಡುತ್ತದೆ.

ಯೂರಿಯಾ ಹಾಕಬಹುದೇ ಎಂಬ ಪ್ರಶ್ನೆ ಬರುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಚದರ ಮೀಟರಿಗೆ 10 ಗ್ರಾಂ ಮೀರಬಾರದು. ಹತ್ತಡಿ ಹತ್ತಡಿಯ ಜಾಗ ಸುಮಾರು 9.3 ಚದರ ಮೀಟರ್, ಎಂದರೆ 90 ಗ್ರಾಂ ಚಿಲ್ಲರೆ. ಹಾಕಿದ ಕೂಡಲೇ ಧಾರಾಳವಾಗಿ ನೀರು ಕೊಡಬೇಕು, ಇಲ್ಲವಾದರೆ ಹರಳು ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಚುಕ್ಕೆ ಬೀಳುತ್ತದೆ. ಹಾಗೆ ನೀರು ಕೊಡಲು ಆಗದ ಮನೆಯಲ್ಲಿ ಯೂರಿಯಾದ ಮಾತೇ ಎತ್ತಬಾರದು. ಗೊಬ್ಬರ ತಿಂದ ಹುಲ್ಲು ಬೆಳೆಯುತ್ತದೆ, ಬೆಳೆದ ಹುಲ್ಲು ಮತ್ತಷ್ಟು ನೀರು ಕೇಳುತ್ತದೆ.

ಕತ್ತರಿಸುವುದರಲ್ಲೂ ಬೇಸಿಗೆಗೆ ಬೇರೆ ಲೆಕ್ಕ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಮತ್ತು ಮಳೆಗಾಲಕ್ಕಿಂತ ಅರ್ಧ ಅಂಗುಲವಾದರೂ ಎತ್ತರ ಬಿಡಬೇಕು. ಎತ್ತರದ ಎಲೆ ತನ್ನ ಬುಡಕ್ಕೆ ತಾನೇ ನೆರಳು ಕೊಟ್ಟುಕೊಳ್ಳುತ್ತದೆ, ಬೇರೂ ಆಳಕ್ಕಿಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್‌ಗೆ ಅದರ ಯೋಚನೆ ಹೊಳೆದದ್ದು ಬಟ್ಟೆಯ ಕಾರ್ಖಾನೆಯಲ್ಲಿ, ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ಕಂಡು. ಅಂಗಳ ರತ್ನಗಂಬಳಿಯಂತೆ ಇರಬೇಕೆಂಬ ಆಸೆ ಆ ಯಂತ್ರದ ಹುಟ್ಟಿನಲ್ಲೇ ಇತ್ತು ಎನ್ನಬೇಕು.

ಬೋಳಾದ ಜಾಗ

ತೇಪೆ ಹಾಕುವ ಮೊದಲು ಅಲ್ಲಿ ಹುಲ್ಲು ಏಕೆ ಸತ್ತಿತು ಎಂದು ನೋಡಬೇಕು. ಮರದ ನೆರಳೇ ಕಾರಣವಾಗಿದ್ದರೆ ಎಷ್ಟು ಸಲ ಹಾಕಿದರೂ ಅಷ್ಟೇ. ಗರಿಕೆಗೆ ನೆರಳು ಆಗುವುದಿಲ್ಲ. ಕಾಲುದಾರಿಯಾಗಿದ್ದರೆ ಅಲ್ಲಿ ನಾಲ್ಕು ಚಪ್ಪಡಿ ಕಲ್ಲು ಹಾಕಿ ದಾರಿಯನ್ನು ಒಪ್ಪಿಕೊಳ್ಳುವುದು ಜಾಣತನ. ಹುಲ್ಲನ್ನು ಹಿಡಿದೆತ್ತಿದರೆ ಚಾಪೆಯಂತೆ ಸುರುಳಿ ಎದ್ದು ಬರುತ್ತದೆಯೇ? ಹಾಗಾದರೆ ಮಣ್ಣಿನಲ್ಲಿ ಬೆಳ್ಳಗೆ ಬಾಗಿ ಮಲಗಿದ ಗೊಣ್ಣೆಹುಳುಗಳು ಬೇರು ತಿಂದಿವೆ. ಮಣ್ಣು ಕೆದಕಿ ಹುಳು ಆರಿಸಿ ಬಿಟ್ಟರೆ ಮೈನಾ, ಕಾಗೆಗಳು ಮಿಕ್ಕದ್ದನ್ನು ಮುಗಿಸುತ್ತವೆ. ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸುವುದೂ ಒಳ್ಳೆಯದು.

ಕಾರಣ ತಿಳಿದ ಮೇಲೆ ತೇಪೆ. ಗರಿಕೆಯಾದರೆ ಕೊಳ್ಳುವುದೇನೂ ಇಲ್ಲ. ಲಾನಿನ ಅಂಚಿನಲ್ಲಿ ದಾರಿ ತಪ್ಪಿ ಹರಿದಿರುವ ಬಳ್ಳಿಗಳನ್ನು ಕಿತ್ತು, ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ, ನಾಲ್ಕು ಬೆರಳು ಅಂತರಕ್ಕೆ ಒಂದೊಂದರಂತೆ ಊರಬೇಕು. ಒಂದು ಗೆಣ್ಣು ಮಣ್ಣೊಳಗೆ, ಒಂದು ಮೇಲೆ. ಕಾಲಿನಿಂದ ಒತ್ತಿ, ಒದ್ದೆ ಗೋಣಿಚೀಲ ಹೊದಿಸಿ, ಅದು ಒಣಗದಂತೆ ನೋಡಿಕೊಂಡರೆ ಹತ್ತು ಹನ್ನೆರಡು ದಿನದಲ್ಲಿ ಗೆಣ್ಣಿನಿಂದ ಚಿಗುರು ಕಾಣುತ್ತದೆ. ಆಗ ಗೋಣಿ ತೆಗೆಯಬೇಕು. ತೇಪೆ ದಿನಪತ್ರಿಕೆಯ ಹಾಳೆಯಷ್ಟಗಲ ಇದ್ದರೆ ಈ ಕಾಲದಲ್ಲೂ ಸಾಧ್ಯ. ಅದಕ್ಕಿಂತ ದೊಡ್ಡದಾದರೆ ಜೂನ್‌ಗೆ ಬಿಡುವುದು ಮೇಲು.

ನೀರಿನ ಲೆಕ್ಕ

ಇನ್ನು ನಿಜವಾದ ಪ್ರಶ್ನೆ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಜನ ಸಾಲುಗಟ್ಟಿದಾಗ, ಜಲಮಂಡಳಿಯು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಕುಡಿಯುವ ನೀರು ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಮೀರಿದರೆ ದಂಡ 5,000 ರೂಪಾಯಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಆರಂಭವಾಯಿತು. ಆದರೂ 2025ರ ಫೆಬ್ರವರಿಯಲ್ಲಿ ಅಂಥದೇ ಆಜ್ಞೆ ಮತ್ತೆ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪ್ ಮಾಡಿ ತಂದ ನೀರನ್ನು ಹುಲ್ಲಿಗೆ ಸುರಿಯುವುದು ಹೇಗೆಂದು ಯೋಚಿಸದೆ ಈಗ ಲಾನು ಇಟ್ಟುಕೊಳ್ಳುವಂತಿಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ಒಂಬತ್ತನೇ ತರಗತಿಯ ಮಗಳು. ಮನೆ ಮುಂದೆ 20 ಅಡಿಗೆ 30 ಅಡಿ ಲಾನು. ಮಾರ್ಚಿ ಮೊದಲ ವಾರ, ಅಪ್ಪ ಪೈಪು ಹಿಡಿದು ನಿಂತಿದ್ದಾರೆ. ಮಗಳು ಕೇಳುತ್ತಾಳೆ, ದಿನಕ್ಕೆ ಎಷ್ಟು ನೀರು ಹೋಗುತ್ತದೆ ಎಂದು. ಅಪ್ಪನಿಗೆ ಗೊತ್ತಿಲ್ಲ, ಹೆಚ್ಚಿನ ಅಪ್ಪಂದಿರಿಗೆ ಗೊತ್ತಿರುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಮಾರ್ಚಿಯ ಬಿಸಿಲಿನಲ್ಲಿ ಹುಲ್ಲು ಹಸಿರಾಗಿಯೇ ಇರಬೇಕೆಂದರೆ ದಿನಕ್ಕೆ ಹೆಚ್ಚು ಕಡಿಮೆ 5 ಮಿಲಿಮೀಟರ್ ಬೇಕು. ಲಾನಿನ ವಿಸ್ತೀರ್ಣ 56 ಚದರ ಮೀಟರ್. ಗುಣಿಸಿದರೆ ದಿನಕ್ಕೆ 280 ಲೀಟರ್. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಸರಬರಾಜಿನ ಅಳತೆ.

“ಅಪ್ಪಾ, ಈ ಲಾನು ಮನೇಲಿ ಇನ್ನಿಬ್ಬರು ಇದ್ದ ಹಾಗೆ,” ಎನ್ನುತ್ತಾಳೆ ಮಗಳು.

“ಹಾಗಂತ ಒಣಗಿಸಿ ಸಾಯಿಸೋದಾ?”

ಪಡಸಾಲೆಯಿಂದ ಅಜ್ಜಿ: “ಗರಿಕೆ ಎಲ್ಲಾದ್ರೂ ಸಾಯುತ್ತೇನೋ? ಹೊಲದಲ್ಲಿ ಅದನ್ನ ಸಾಯಿಸೋಕೆ ನಿಮ್ಮ ತಾತ ಜೀವಮಾನ ಪೂರ್ತಿ ಒದ್ದಾಡಿದ್ರು.”

ಅಜ್ಜಿಯ ಮಾತಿನಲ್ಲಿ ಸಸ್ಯಶಾಸ್ತ್ರವಿದೆ. ನೀರು ಸಾಲದಾದಾಗ ಗರಿಕೆ ಮೇಲಿನ ಎಲೆಗಳನ್ನು ಒಣಗಲು ಬಿಟ್ಟು, ಮಣ್ಣೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡು ಮಲಗುತ್ತದೆ. ಕಂದು ಬಣ್ಣವೆಂದರೆ ಸಾವಲ್ಲ, ನಿದ್ದೆ. ಬುಡ ಕೆದಕಿ ನೋಡಿದಾಗ ಗೆಣ್ಣು ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವವಿದೆ. ಉಗುರಿನಲ್ಲಿ ಒತ್ತಿದರೆ ಪುಡಿಯಾದರೆ ಇಲ್ಲ. ಹೀಗೆ ಮಲಗಿದ ಹುಲ್ಲಿನ ಬುಡಕ್ಕೆ ಹದಿನೈದು ದಿನಕ್ಕೊಮ್ಮೆ 12 ಮಿಲಿಮೀಟರ್ ನೀರು ಸಿಕ್ಕರೂ ಬೇಸಿಗೆ ದಾಟುತ್ತದೆ. ಆ ಮನೆಯ ಲಾನಿಗೆ ಅದು ಸುಮಾರು 670 ಲೀಟರ್, ದಿನದ ಲೆಕ್ಕದಲ್ಲಿ 45 ಲೀಟರಿಗೆ ಕಡಿಮೆ. 280 ಎಲ್ಲಿ, 45 ಎಲ್ಲಿ! ಮೆಕ್ಸಿಕನ್ ಹುಲ್ಲಿಗೆ ಇದೇ ಧೈರ್ಯದಿಂದ ಹೇಳುವಂತಿಲ್ಲ. ಅದು ಚೇತರಿಸಿಕೊಳ್ಳುವುದು ಬಲು ನಿಧಾನ, ಸತ್ತ ಜಾಗ ಮುಚ್ಚಲು ತಿಂಗಳುಗಳೇ ಬೇಕು. ಅದನ್ನು ಹಾಕಿಸಿಕೊಂಡವರು ಜಾಗವನ್ನೇ ಚಿಕ್ಕದು ಮಾಡುವುದು ಒಳ್ಳೆಯದು.

ಆ 45 ಲೀಟರನ್ನು ನಲ್ಲಿಯಿಂದ ತರಬೇಕಾಗಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಯಾವ ಅನುಮಾನವೂ ಇಲ್ಲದೆ ಆಗುತ್ತದೆ. ಆರ್‌ಓ ಶುದ್ಧೀಕರಣ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಅದರಲ್ಲಿ ಲವಣ ಹೆಚ್ಚು. ಒಂದು ಸಲ ಅದು, ಒಂದು ಸಲ ಬೇರೆ ನೀರು ಎಂದು ಬದಲಿಸುತ್ತ ಹೋದರೆ ಹುಲ್ಲು ತಾಳಿಕೊಳ್ಳುತ್ತದೆ. ಬಟ್ಟೆ ಯಂತ್ರದ ಮೊದಲ ನೀರು ಬೇಡ, ಸಾಬೂನಿನ ಸೋಡಿಯಂ ಮಣ್ಣನ್ನು ಬಿಗಿಯುತ್ತದೆ. ಕೊನೆಯ ಜಾಲಿಸಿದ ನೀರು ನಡೆಯುತ್ತದೆ.

ಹಾಕುವ ಕ್ರಮವೂ ಮುಖ್ಯ. ದಿನಾ ಸಂಜೆ ಪೈಪಿನ ಬಾಯಿಗೆ ಬೆರಳಿಟ್ಟು ಚಿಮುಕಿಸುವುದು ನೋಡಲು ಚೆಂದ, ಹುಲ್ಲಿಗೆ ಹಾನಿ. ಮೇಲಿನ ಅಂಗುಲ ಮಾತ್ರ ನೆನೆದು ಬೇರು ಮೇಲೆಯೇ ಉಳಿಯುತ್ತದೆ. ಬೆಳಿಗ್ಗೆ ಬೇಗ, ದಿನ ಬಿಟ್ಟು ದಿನ ಬಿಟ್ಟು, ಆದರೆ ಆಳಕ್ಕೆ ಇಳಿಯುವಂತೆ ಹಾಕಬೇಕು. ಎಷ್ಟು ಇಳಿಯಿತೆಂದು ತಿಳಿಯಲು ಸ್ಕ್ರೂಡ್ರೈವರ್ ಚುಚ್ಚಿ ನೋಡಬಹುದು. ತೇವವಿದ್ದಷ್ಟು ಆಳ ಅದು ಸಲೀಸಾಗಿ ಇಳಿಯುತ್ತದೆ. ಎಷ್ಟು ಬಿತ್ತೆಂದು ತಿಳಿಯಲು ಒಂದೇ ಅಳತೆಯ, ನೇರ ಗೋಡೆಯ ನಾಲ್ಕೈದು ಖಾಲಿ ಡಬ್ಬಿಗಳನ್ನು ಲಾನಿನ ಮೇಲೆ ಅಲ್ಲಲ್ಲಿ ಇಟ್ಟು ಹತ್ತು ನಿಮಿಷ ನೀರು ಬಿಟ್ಟು ಸ್ಕೇಲಿನಿಂದ ಅಳೆದರಾಯಿತು. ಶಾಲೆಯ ಮಕ್ಕಳು ಇದನ್ನು ಮಾಡಿ ನೋಡಬೇಕು. ಐದು ಡಬ್ಬಿಯಲ್ಲಿ ಐದು ಲೆಕ್ಕ ಬರುತ್ತದೆ, ಸರಾಸರಿ ಎಂಬುದರ ಅರ್ಥ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

ಬಿಟ್ಟುಕೊಟ್ಟ ಜಾಗಕ್ಕೆ ಏನು?

ಲಾನಿನ ಅರ್ಧ ಭಾಗವನ್ನು ಬಿಟ್ಟುಕೊಡಲು ಮನೆಯವರು ಒಪ್ಪಿದರೆಂದುಕೊಳ್ಳೋಣ. ಬಿಸಿಲು ಬೀಳುವ ಅಂಚಿನಲ್ಲಿ ಮಡಿ ಮಾಡಿ ಜಿನ್ನಿಯಾ, ಚೆಂಡುಹೂ, ಕಾಸ್ಮಾಸ್ ಬೀಜವನ್ನು ನೇರವಾಗಿ ಬಿತ್ತಬಹುದು. ಜಿನ್ನಿಯಾ ವಾರದೊಳಗೆ ಮೊಳೆಯುತ್ತದೆ, ಒಂದೂವರೆ ಎರಡು ತಿಂಗಳಿಗೆ ಹೂ ಬಿಡುತ್ತದೆ. ಪರೀಕ್ಷೆ ಮುಗಿದು ಮಕ್ಕಳು ಅಂಗಳಕ್ಕೆ ಬರುವ ಹೊತ್ತಿಗೆ ಹೂವೂ ಬಂದಿರುತ್ತದೆ. ಟೇಬಲ್ ರೋಸಿಗಂತೂ ಬೀಜವೂ ಬೇಡ, ಪಕ್ಕದ ಮನೆಯಿಂದ ಒಂದು ಕಡ್ಡಿ ತಂದು ಚುಚ್ಚಿದರೆ ಸಾಕು. ಹೂ ಬೇಡ, ಅಡುಗೆಗೆ ಆಗಲಿ ಎನ್ನುವವರಿಗೆ ದಂಟು, ಹರಿವೆ, ಬೆಂಡೆ, ಗೋರಿಕಾಯಿ ಇದೇ ಕಾಲದವು. ಇವೂ ನೀರು ಕುಡಿಯುತ್ತವೆ, ನಿಜ. ಆದರೆ ಪಾತಿಗೆ ಮಾತ್ರ ಹಾಕಿ, ಮೇಲೆ ಒಣ ಎಲೆ ಹೊದಿಸಿದರೆ ಲಾನಿನ ಕಾಲು ಭಾಗವೂ ಬೇಕಾಗುವುದಿಲ್ಲ; ಮೇಲಾಗಿ ಸಾರಿಗೆ ಬರುತ್ತವೆ.

ಹೊದಿಸುವ ಎಲೆಗೆ ಈಗ ಬರವಿಲ್ಲ. ಹೊಂಗೆ, ಮಾವು, ಬಾದಾಮಿ ಮರಗಳ ಎಲೆ ರಸ್ತೆ ತುಂಬ ಬಿದ್ದಿರುತ್ತದೆ. ಬೆಳಿಗ್ಗೆ ಗುಡಿಸಿ ಬೆಂಕಿ ಹಚ್ಚುವ ಕೆಟ್ಟ ಚಾಳಿ ಎಷ್ಟೋ ಬೀದಿಗಳಲ್ಲಿ ಇನ್ನೂ ಇದೆ. ಆ ಹೊಗೆ ಮನೆಯೊಳಗೆ ಓದುತ್ತ ಕುಳಿತ ಮಕ್ಕಳ ಎದೆಗೇ ಹೋಗುತ್ತದೆ. ಅದೇ ಎಲೆಯನ್ನು ಚೀಲದಲ್ಲಿ ತಂದು ಮಾವಿನ ಮರದಡಿ ನಾಲ್ಕು ಅಂಗುಲ ಹರಡಿದರೆ ಹುಲ್ಲು ಬಾರದ ಆ ಬೋಳು ನೆಲದ ಚಿಂತೆಯೂ ತೀರುತ್ತದೆ. ಅರೆನೆರಳಿಗೆ ಮುಂದೆ ಮಳೆಗಾಲದಲ್ಲಿ ಕನಕಾಂಬರ ಹಾಕಬಹುದು.

ನೆಲ ಮುಚ್ಚುವ ಬಳ್ಳಿಗಳಲ್ಲಿ ಅರಾಕಿಸ್ ಎಂಬ, ಕಡಲೆಕಾಯಿಯ ದಾಯಾದಿಯಾದ ಹಳದಿ ಹೂವಿನ ಬಳ್ಳಿ ಒಳ್ಳೆಯದು. ಕತ್ತರಿಸುವ ಕೆಲಸವಿಲ್ಲ, ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಅದನ್ನೂ ಜೂನಿನಲ್ಲೇ ನೆಡಬೇಕು. ಅದೇ ಹಳದಿ ಹೂವಿನ ವೆಡೀಲಿಯಾವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬಾರದು. ಅದು ಬೇಲಿ ದಾಟಿ ಮೋರಿ, ಕೆರೆಯಂಚು ಎಲ್ಲವನ್ನೂ ಆಕ್ರಮಿಸುವ ಬಳ್ಳಿ.

ಚಳಿಗಾಲದಲ್ಲಿ ಹೂ ಕೊಟ್ಟು ದಣಿದವನ್ನೂ ಮರೆಯುವಂತಿಲ್ಲ. ಸೇವಂತಿಗೆಯ ಒಣಗಿದ ಕಡ್ಡಿಗಳನ್ನು ನೆಲದಿಂದ ನಾಲ್ಕು ಅಂಗುಲಕ್ಕೆ ಕತ್ತರಿಸಿದರೆ ಬುಡದಲ್ಲಿ ಕಂದುಗಳು ಏಳುತ್ತವೆ. ಬೇರು ಸಮೇತ ಬಿಡಿಸಿ ಸಣ್ಣ ಕುಂಡಗಳಲ್ಲಿ ನೆಟ್ಟು ಅರೆನೆರಳಿನಲ್ಲಿಟ್ಟು ಬೇಸಿಗೆ ಕಳೆಸಬೇಕು. ಡೇಲಿಯಾದ ಎಲೆ ಹಳದಿಯಾದ ಮೇಲೆ ಗೆಡ್ಡೆ ಅಗೆದು, ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿ ಹುದುಗಿಸಿಡಬೇಕು. ಗೆಡ್ಡೆ ಬಿಡಿಸುವಾಗ ಕಾಂಡದ ಬುಡದ ಕಣ್ಣು ಜೊತೆಗೆ ಬರಲೇಬೇಕು, ಬರೀ ಗೆಡ್ಡೆ ಚಿಗುರುವುದಿಲ್ಲ. ದುಂಡುಮಲ್ಲಿಗೆಯನ್ನು ಸವರುವ ಕಾಲ ಆಗಲೇ ದಾಟಿತು. ಈಗ ಬುಡಕ್ಕೆ ಗೊಬ್ಬರ ಕೊಟ್ಟು ಮೊಗ್ಗು ಕಾಯುವುದಷ್ಟೇ.

ಏಪ್ರಿಲ್‌ನಲ್ಲಿ ಗುಡುಗಿನೊಂದಿಗೆ ಮೊದಲ ಮಳೆ ಬಿದ್ದ ನಾಲ್ಕೈದು ದಿನಕ್ಕೆ ಮಲಗಿದ್ದ ಗರಿಕೆ ಕಂದು ಎಲೆಗಳ ನಡುವೆ ಹಸಿರು ಮೊನೆ ತೋರಿಸುತ್ತದೆ. ಉತ್ಸಾಹದಿಂದ ಯಂತ್ರ ಹೊರತೆಗೆಯಬಾರದು. ಎರಡು ವಾರ ಬಿಟ್ಟು, ಹೊಸ ಎಲೆ ಎರಡು ಅಂಗುಲ ದಾಟಿದ ಮೇಲೆ, ಅಲಗನ್ನು ಸಾಣೆ ಹಿಡಿಸಿಕೊಂಡು ಮೇಲುಮೇಲಕ್ಕೆ ಒಂದು ಸಲ ಓಡಿಸಿದರೆ ಸಾಕು.